ಹುಚ್ಚ ರೊಕ್ಕ

ಜಮಖಂಡಿ ಡಿಪೋದ ಕ್ಯಾಶ್ ಖೋಲಿಗೆ
ರಾತ್ರಿ ಹತ್ತೂವರೆಗೆ ಮುಧೋಳದ ಕೊನೆಯ ಗಾಡಿಯ ರೊಕ್ಕ ಬರುತ್ತದೆ.
ಕಂಡಕ್ಟರ್ ತಳವಾರ ಚೀಲ ಬೋರಲು ಹಾಕಿ
'ಎಣಿಸ್ಕೋರಿ' ಅಂದು ಬೀಡಿ ಹುಡುಕುತ್ತಾನೆ.
ಮೇಜಿನ ತುಂಬ ಚಿಲ್ಲರೆ. ಬೆಲ್ಲದ ಅಂಟು, ಅರಿಶಿಣ,
ಯಾರದೋ ಅಂಗೈಯ ಬೆವರು ಇನ್ನೂ ಆರಿಲ್ಲ.

ಎಲ್ಲರೂ ಎಣಿಸುತ್ತಾರೆ. ನಾನು ನೋಡುತ್ತೇನೆ ಕೂಡ.
ವಾಚ್ ರಿಪೇರಿಯ ಮೌನೇಶ ಪತ್ತಾರ
ಕೈ ನಡುಗತೊಡಗಿದ ಮೇಲೆ ಕೊಟ್ಟ ಭೂತಗನ್ನಡಿಯನ್ನು
ಎಡಗಣ್ಣಿಗೆ ಸಿಕ್ಕಿಸಿ ಇಸವಿಯ ಕೆಳಗಿನ ಗುರುತು ಓದುತ್ತೇನೆ:
ಚುಕ್ಕಿಯಿದ್ದರೆ ನೋಯ್ಡಾ, ಚಿಕ್ಕಿಯಿದ್ದರೆ ಹೈದರಾಬಾದು,
ಹರಳಿದ್ದರೆ ಮುಂಬೈ, ಏನೂ ಇರದಿದ್ದರೆ ಕಲ್ಕತ್ತ,
ಕೇಳಿದರೂ ಊರ ಹೆಸರು ಹೇಳದ ಮುದುಕರ ಹಾಗೆ.

ಹನ್ನೊಂದು ವರ್ಷದಲ್ಲಿ ಸಿಕ್ಕದ್ದು ಇಷ್ಟು:
ಇಲಿ ಅಂಚು ಕಡಿದಂಥ ಒಂದು ಎರಡು ರೂಪಾಯಿ,
ಅಚ್ಚು ಸರಿದು ಅರ್ಧ ಬೋಳಾದ ಐದು,
ಮಗುಚಿದರೆ ಅಂಕಿ ಅಡ್ಡ ಮಲಗುವ ಒಂದು,
ನಡುವಿನ ಬಿಳಿ ಬಿಲ್ಲೆ ಹಳದಿ ಬಳೆಯನ್ನು ಹತ್ತಿ ಕೂತ ಹತ್ತು.
ಆ ಹತ್ತನ್ನು ಯಾರೂ ತಗೊಳ್ಳಲಿಲ್ಲ, ಅದಕ್ಕೇ ನನಗೆ ಸಿಕ್ಕಿತು.
ನಮ್ಮ ಕಡೆ ನೆಟ್ಟಗಿರುವ ಹತ್ತನ್ನೂ ತಗೊಳ್ಳುವುದಿಲ್ಲ;
'ಇದು ನಡೆಂಗಿಲ್ರಿ' ಅನ್ನುತ್ತಾರೆ,
ಸಂತೆಯಲ್ಲಿ ಮುದಿ ಎತ್ತಿಗೆ ಅಂದ ಹಾಗೆ.

ತಪ್ಪಿದ್ದನ್ನು ತೆಗೆದು ಕಿಸೆಯಿಂದ ಸರಿಯಿದ್ದದ್ದನ್ನು ಇಡುತ್ತೇನೆ.
ಲೆಕ್ಕ ಪೈಸೆಗೆ ಪೈಸೆ ಕೂಡುತ್ತದೆ.
ಆಡಿಟ್‌ನವರು ಮೂರು ಸಲ ಬಂದು ಚಹಾ ಕುಡಿದು ಹೋದರು.
ಆದರೂ ಕೀಲಿ ಹಾಕಿದ ಮೇಲೆ
ಬಾಗಿಲನ್ನು ಎರಡು ಸಲ ಜಗ್ಗಿ ನೋಡುತ್ತೇನೆ.

ಒಂದು ಮಾತ್ರ ಸಿಕ್ಕಿರಲಿಲ್ಲ.
ಬಡಿಸಿಕೊಂಡ ನಾಣ್ಯ ಉದುರದೆ ಅಚ್ಚಿಗೇ ಅಂಟಿ
ಹಿಂದೆ ಬಂದದ್ದರ ಬೆನ್ನಿಗೆ ತನ್ನ ಮುಖವನ್ನೇ ಒತ್ತಿದಾಗ
ಒಂದು ಕಡೆ ಉಬ್ಬಿದ ಸಿಂಹ,
ಇನ್ನೊಂದು ಕಡೆ ತಗ್ಗಿನಲ್ಲಿ ಅದೇ ಸಿಂಹ, ಕನ್ನಡಿಯೊಳಗಿನಂತೆ.
ಬೆಲೆ ಎಷ್ಟೆಂದು ಎಲ್ಲೂ ಬರೆದಿರದ ರೂಪಾಯಿ.

ಬಸ್‌ಸ್ಟ್ಯಾಂಡಿನ ಸಂಡಾಸಿನ ಮುಂದೆ ಕೂರುವ ದಾವಲಬಿ
ಚಿಲ್ಲರೆ ಕೊಟ್ಟು ನೋಟು ಒಯ್ಯಲು ಬರುತ್ತಾಳೆ, ದಿನಾ ಸಂಜೆ ಆರಕ್ಕೆ.
ನನಗೆಂದು ಬೇರೆ ಗಂಟು. ಅವಳ ಮಾತಲ್ಲಿ, ಹುಚ್ಚ ರೊಕ್ಕ.
ಒಂದಕ್ಕೆ ಒಂದು ಕೊಡುತ್ತೇನೆ, ಐದಕ್ಕೆ ಐದು.
ಬೋಳು ಐದಕ್ಕೆ ಕೊಲ್ಲಾಪುರದವನು ಒಂಬೈನೂರು ಎಣಿಸಿದ್ದನ್ನು
ಅವಳಿಗೆ ಹೇಳಿಲ್ಲ.

ಮೊನ್ನೆ ಅವಳ ಜೋಡಿ ಪಾಳಿಯ ಯಂಕಣ್ಣ ಗೋಳಾಡಿದ:
'ರಾತ್ರಿ ಪಾಳಿ ಯಾರದು ಅಂತ ಎರಡು ವರ್ಷದಿಂದ ರೂಪಾಯಿ ಚಿಮ್ಮತೀವ್ರಿ.
ಸಿಂಹ ಅಂತಾಳ. ಸಿಂಹನ ಬೀಳತೈತಿ.'

ನನ್ನ ಎಡಗಣ್ಣು ಅದುರಿತು.
'ದಾವಲಬಿ, ಅದನ್ನ ತೋರಸು.'
ಎಲೆಯಡಿಕೆ ಸಂಚಿಯ ಒಳಖಣದಿಂದ ತೆಗೆದಳು, ಸುಣ್ಣ ಮೆತ್ತಿತ್ತು.
ಬೆರಳಾಡಿಸಿದೆ. ಈ ಕಡೆ ಉಬ್ಬು. ಆ ಕಡೆ ತಗ್ಗು.
ಐದುನೂರು ಅಂದೆ. ಅಡಿಕೆ ಕಡಿದಳು.
ಸಾವಿರ ಅಂದೆ.

'ಐದಕ್ಕ ಐದ ಕೊಡಾವ್ರು ನೀವು.
ಇವತ್ತ ಒಂದಕ್ಕ ಸಾವಿರ?
ನಡಬರಕಿನ ಲೆಕ್ಕ ಎಲ್ಲಿ ಹೋತ್ರಿ, ಕ್ಯಾಶಿಯರ್ ಸಾಹೇಬ್ರ?'

ಅದನ್ನು ಬರೆಯುವ ಕಾಲಮ್ಮು ಯಾವ ರಿಜಿಸ್ಟರಿನಲ್ಲೂ ಇಲ್ಲ.
ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದೆ.

ಅವಳೇ ಅಂದಳು: 'ಚಿಮ್ಮೂಣು ತಗೋರಿ.
ಸಿಂಹ ಬಿದ್ರ ನಂದು. ಅಂಕಿ ಬಿದ್ರ ನಿಮ್ದು.'

ಗೊತ್ತಿತ್ತು. ಬೆರಳ ತುದಿಯಲ್ಲಿ ಸುಣ್ಣ ಇನ್ನೂ ಚುರುಗುಡುತ್ತಿತ್ತು.
ಹೂಂ ಅಂದೆ.

ಅವಳ ಹೆಬ್ಬೆರಳ ಉಗುರಿನಿಂದ ಟಣ್ಣೆಂದು ಎದ್ದು
ಟ್ಯೂಬ್‌ಲೈಟಿನ ಮಟ್ಟಕ್ಕೆ, ಅಥಣಿ ಗಾಡಿಯ ಹಾರನ್ನಿನ ನಡುವೆ
ತಿರುಗಿತು, ತಿರುಗಿತು.
ಹನ್ನೊಂದು ವರ್ಷ ತಪ್ಪನ್ನೇ ಹುಡುಕಿದವನು
ಅದು ಕೆಳಗೆ ಬರುವಷ್ಟು ಹೊತ್ತು
ಅಂಕಿಗೆ ಕಾದೆ.